ಹಿಂದೊಂದು ಮುಂದೊಂದು ನಕ್ಷತ್ರ

ಅಯ್ಯೋ, ಒತ್ತಬೇಡಿ, ಒತ್ತಬೇಡಿ! ಕೈ ತೆಗೀರಿ ಮೇಡಂ, ದಯವಿಟ್ಟು. ಎಂಟರ್ ಒತ್ತೋಕೆ ಮುಂಚೆ ಎರಡು ಸಲ ಉಸಿರು ಎಳ್ಕೋಬೇಕು... ಅದು ನನ್ನ ಕ್ರಮ. ಏನು ಬರೆದಿದ್ದೀರಿ ನೋಡಿ ಇಲ್ಲಿ! ಬರೀ ‘ದೋಷ’ ಅಂತ. ಎಲ್ಲಿ ಹುಡುಕಬೇಕು, ಯಾವತ್ತಿಂದ ಹುಡುಕಬೇಕು, ಒಂದೂ ಇಲ್ಲ! ಈ ಆಸ್ಪತ್ರೇಲಿ ಟೋಕನ್ ಕೊಟ್ಟರೆ ಕಂಪ್ಯೂಟರು ಒಂದು ಸಾಲು ಬರ್ಕೊಳ್ಳುತ್ತೆ, ಟೋಕನ್ ಕೂಗಿದರೆ ಇನ್ನೊಂದು ಸಾಲು, ಪ್ರಿಂಟರಲ್ಲಿ ಕಾಗದ ಸಿಕ್ಕಿಕೊಂಡರೆ ಮೂರು ಸಾಲು. ಲಾಗ್ ಅಂತೀವಲ್ಲ, ಅದೇ ಇದು. ಒಂಬತ್ತು ವರ್ಷದ ಲಾಗ್ ಇದೆ ಇದರ ಹೊಟ್ಟೇಲಿ. ಅಷ್ಟರಲ್ಲೂ ‘ದೋಷ’ ಹುಡುಕು ಅಂದರೆ ಅದು ಪಾಪ ಏನು ಮಾಡಬೇಕು?

ಯಾಕೆ ನಗ್ತೀರಿ? ನಗಿ, ನಗಿ. ಹೆಡ್ ಆಫೀಸಿಂದ ತನಿಖೆಗೆ ಬಂದವರು ಒಂದು ಸಲನಾದರೂ ನಕ್ಕರಲ್ಲ, ಅಷ್ಟೇ ಸಾಕು. ಬೆಳಿಗ್ಗೆಯಿಂದ ಮುಖ ಗಂಟು ಹಾಕ್ಕೊಂಡು ಕೂತಿದ್ರಿ.

ನಾನು ಹೇಳ್ಕೊಡ್ತೀನಿ. ಮೊದಲು ಕಾಲ. ಕಾಲ ಕಟ್ಟಿ ಹಾಕಬೇಕು ಮೇಡಂ! ಕಳೆದುಹೋದ ಚಪ್ಪಲೀನ ಯಾರಾದರೂ ಇಡೀ ಊರಲ್ಲಿ ಹುಡುಕ್ತಾರಾ? ಎಲ್ಲಿ ಬಿಟ್ಟಿದ್ದೆ, ಎಷ್ಟು ಹೊತ್ತಿಗೆ ಬಿಟ್ಟಿದ್ದೆ, ಅಲ್ಲೇ ತಾನೇ ಹೋಗೋದು? ಆಮೇಲೆ ಯಾವ ಪೆಟ್ಟಿಗೆ ಅಂತ. ಟೋಕನ್ ಲಾಗೋ, ಬಾಗಿಲಿನ ಲಾಗೋ, ಸ್ಟಾಫ್ ಚಾಟಿನ ಲಾಗೋ, ಒಂದನ್ನ ಆರಿಸಿ. ಆಮೇಲೆ ಪದ. ಪೂರ್ತಿ ಪದ! ನಕ್ಷತ್ರ ಗುರುತು ಹಾಕಬೇಡಿ, ಅದರಲ್ಲೂ ಪದದ ಮುಂದೆ ಹಾಕಲೇಬೇಡಿ. ಹಾಕಿದರೆ ಏನಾಗುತ್ತೆ ಗೊತ್ತಾ? ಶುರುವಿನಲ್ಲಿ ಏನು ಬೇಕಾದರೂ ಇರಬಹುದು ಅಂತಾಯ್ತು, ಕಂಪ್ಯೂಟರು ಒಂದೊಂದು ಸಾಲನ್ನೂ ಅಕ್ಷರ ಅಕ್ಷರ ಓದಬೇಕಾಗುತ್ತೆ. ಗೋಡೆ ನೋಡಿ, ಬರೆದು ಲ್ಯಾಮಿನೇಷನ್ ಮಾಡಿಸಿ ಅಂಟಿಸಿದ್ದೀನಿ. ಕ್ಯಾಂಟೀನಲ್ಲೂ ಒಂದು ಅಂಟಿಸಿದ್ದೆ, ಯಾರೋ ಅದರ ಮೇಲೆ ಚಹಾ ಲೋಟ ಇಟ್ಟು ಇಟ್ಟು ಹಾಳು ಮಾಡಿದ್ರು.

ಹೌದು, ಮಂಗಳವಾರದ್ದು. ಅದಕ್ಕೇ ಬರ್ತಿದ್ದೀನಿ. ಟೋಕನ್ ಪರದೆ ಎಲ್ಲಾ ಕಪ್ಪಾಗಿ ನಿಂತುಬಿಟ್ಟವು. ನಲವತ್ತೊಂಬತ್ತು ನಿಮಿಷ! ಕೆಳಗೆ ಇನ್ನೂರು ಜನ, ಸರದಿ ಯಾರದು ಅಂತ ಗೊತ್ತಿಲ್ಲ, ಮೂಳೆ ಮುರಿದವರೂ ಕೆಮ್ಮಿನವರೂ ಒಂದೇ ಸಾಲಲ್ಲಿ ಕಿತ್ತಾಡ್ತಿದ್ರು. ಹುಡುಕೋ ಕೆಲಸಕ್ಕೂ ಟೋಕನ್ ಕೆಲಸಕ್ಕೂ ಇರೋದು ಒಂದೇ ಸರ್ವರು. ಯಾರೋ ಬುದ್ಧಿಗೇಡಿ ಹುಡುಕಾಟ ಹಾಕಿದರು, ಅದು ಉಸಿರುಕಟ್ಟಿ ಬಿತ್ತು. ನನ್ನ ವರದೀಲಿ ಎಲ್ಲಾ ಬರೆದಿದ್ದೀನಲ್ಲ. ‘ಅನುಭವವಿಲ್ಲದವರು ಹುಡುಕಿದ್ದರ ಪರಿಣಾಮ’ ಅಂತ.

ಇಲ್ಲ, ನಾನು ಯಾರ ಹೆಸರೂ ಬರೆದಿಲ್ಲ. ಬರೆಯೋನೇ ಅಲ್ಲ ನಾನು! ಈ ವಿಭಾಗದಲ್ಲಿ ಇರೋದೇ ಇಬ್ಬರು, ನಾನು ಮತ್ತೆ ಈ ಪಕ್ಕದ ಕುರ್ಚಿಯವಳು. ನನಗೆ ಇಪ್ಪತ್ತೊಂದು ವರ್ಷದ ಅನುಭವ, ಅವಳಿಗೆ ಎರಡು. ಮೇಲಿನವರು ತಾವೇ ಅರ್ಥ ಮಾಡ್ಕೊಂಡ್ರು. ಒಳ್ಳೇ ಹೆಣ್ಣುಮಗಳು, ಕೆಲಸಗಾತಿ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ಇವಳ ದುಡಿಮೇಲೇ ಮನೆ ನಡೀಬೇಕು. ನನಗೇನು ಪಾಪ ಅನ್ಸೋದಿಲ್ವಾ? ಆದರೆ ಕೆಲಸದಿಂದ ತೆಗೆಯೋ ಪತ್ರ ನಿಮ್ಮ ಕೈಲಿದೆ, ಮಧ್ಯಾಹ್ನದೊಳಗೆ ಸಹಿ ಆಗಬೇಕು, ನಾನೇನು ಮಾಡ್ಲಿ? ಕೇಳಿದಾಗ ಅವಳೂ ಬಾಯಿ ಬಿಡಲಿಲ್ಲ. ತಪ್ಪು ಮಾಡದವರು ಸುಮ್ಮನೆ ನಿಂತಿರ್ತಾರಾ ಮೇಡಂ, ನೀವೇ ಹೇಳಿ!

ನನ್ನ ಕೀಬೋರ್ಡಾ? ಛೇ, ಯಾರೂ ಮುಟ್ಟೋ ಹಾಗಿಲ್ಲ. ನೋಡಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಎದ್ದು ಹೋದರೆ ಲಾಕು. ಪಾಸ್‌ವರ್ಡ್ ನನ್ನ ಹೆಂಡತಿಗೂ ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಪೂರ್ತಿ ಕುರ್ಚೀಲೇ ಇದ್ದೆ, ಚಹಾಕ್ಕೂ ಎದ್ದಿಲ್ಲ... ಬರ್ಕೊಂಡ್ರಾ? ಇದನ್ನೆಲ್ಲ ಯಾಕೆ ಬರ್ಕೊಳ್ತೀರಿ?

ಸರಿ, ನೀವೇ ಹಾಕಿ ನೋಡೋಣ. ಕಾಲ? ಮಂಗಳವಾರ, ಹತ್ತೂವರೆಯಿಂದ ಹನ್ನೆರಡು. ಶಹಬ್ಬಾಸ್! ಬೇಗ ಕಲಿತೀರಿ ನೀವು. ಈಗ ಪೆಟ್ಟಿಗೆ... ಟೋಕನ್ ಲಾಗ್ ಆರಿಸಿ. ಅಲ್ಲ, ಅದಲ್ಲ, ಅದರ ಮೇಲಿನದು. ಅಲ್ಲ ಮೇಡಂ, ಅದು ಹುಡುಕಾಟಗಳ ಲಾಗ್. ಯಾರು ಏನು ಹುಡುಕಿದರು ಅಂತ ಅದೇ ಬರ್ಕೊಂಡಿರುತ್ತೆ. ಅದು ಬೇಡ. ಬೇಡ ಅಂದರೆ... ತುಂಬಾ ನಿಧಾನ ಅದು. ಸರ್ವರ್ ಮೇಲೆ ಹೊರೆ. ಕೆಳಗೆ ರೋಗಿಗಳು ಕಾಯ್ತಿದ್ದಾರೆ, ಮತ್ತೆ ಪರದೆ ನಿಂತರೆ ಯಾರು ಹೊಣೆ? ಒಂದು ನಿಮಿಷ, ಉಸಿರು! ಎರಡು ಸಲ ಉಸಿರು ಎಳ್ಕೋ...

ಒತ್ತಿಬಿಟ್ರಲ್ಲ.

...ಇಷ್ಟು ಬೇಗ ಬಂತಾ. ಹೂಂ. ಕಾಲ ಕಟ್ಟಿದರೆ ಬೇಗ ಬರುತ್ತೆ. ನಾನೇ ಹೇಳಿದ್ದೆ ತಾನೇ.

ಎರಡೇ ಸಾಲು. ಮೊದಲನೇದು ಹತ್ತು ನಲವತ್ತೆರಡಕ್ಕೆ, ಕುರ್ಚಿ ಒಂದು. ಅದು... ಅದು ತಾಂತ್ರಿಕ ಸಂಗತಿ ಮೇಡಂ, ಒಂದೊಂದು ಸಲ ಕುರ್ಚಿ ಸಂಖ್ಯೆ ಅದಲು ಬದಲು... ಹಾಗೆ ನೋಡಬೇಡಿ. ಹೌದು, ನನ್ನ ಕುರ್ಚಿ. ಹೌದು, ಚಹಾಕ್ಕೂ ಎದ್ದಿಲ್ಲ.

ಹುಡುಕಿದ ಪದ ಜೋರಾಗಿ ಓದಬೇಡಿ, ಬಾಗಿಲು ತೆಗೆದಿದೆ. ಹಿಂದೊಂದು ನಕ್ಷತ್ರ, ಮುಂದೊಂದು ನಕ್ಷತ್ರ, ನಡುವೆ ‘ಟೇಪ್ ರೆಕಾರ್ಡರ್’. ಒಂಬತ್ತು ವರ್ಷ, ಎಲ್ಲಾ ಪೆಟ್ಟಿಗೆ. ಹೂಂ, ಗೋಡೆ ಮೇಲೆ ಏನೇನು ಮಾಡಬೇಡಿ ಅಂತ ಬರೆದಿದ್ದೀನೋ ಅದಷ್ಟೂ ಒಂದೇ ಸಾಲಲ್ಲಿ! ಈಗ ನಗಿ. ಯಾಕೆ, ಈಗ ನಗು ಬರಲ್ವಾ?

ಅವತ್ತು ಬೆಳಿಗ್ಗೆ ಕೆಲಸಕ್ಕೆ ಬರೋವಾಗ ಕೆಳಗಿನ ಔಷಧಿ ಅಂಗಡಿಯ ಕಿಟಕಿ ಹತ್ತಿರ ಹೋಗ್ತಿದ್ದೆ. ಒಳಗೆ ಯಾರೋ ಅಂದರು, ‘ಟೇಪ್ ರೆಕಾರ್ಡರ್ ಬಂತು, ಓಡ್ರಪ್ಪಾ’ ಅಂತ. ಕಿಸಕಿಸ ನಗು. ನನಗೇ ಅಂದಿದ್ದು ಮೇಡಂ! ಹೇಳಿದ್ದೇ ಹೇಳ್ತಾನೆ ಅಂತ. ಇಪ್ಪತ್ತೊಂದು ವರ್ಷ ಇವರಿಗೆಲ್ಲ ಹೇಳ್ಕೊಟ್ಟಿದ್ದು ಇದಕ್ಕಾ? ಈ ಹೆಸರು ಇಟ್ಟವರು ಯಾರು, ಯಾವತ್ತಿಂದ ಕರೀತಿದ್ದಾರೆ, ಸ್ಟಾಫ್ ಚಾಟಲ್ಲಿ ಯಾರ‍್ಯಾರು ಬರ್ಕೊಂಡು ನಕ್ಕಿದ್ದಾರೆ... ನೋಡಲೇಬೇಕು ಅನ್ನಿಸಿಬಿಡ್ತು. ಉಸಿರು ಗಿಸಿರು ಎಲ್ಲ ಮರೆತೇಹೋಯ್ತು. ಒತ್ತಿಬಿಟ್ಟೆ. ಏನೂ ಬರಲಿಲ್ಲ, ನಡುವೆ ನಿಂತುಹೋಯ್ತು. ಅದಾಗೇ ನಿಂತಿತು ಅಂದ್ಕೊಂಡಿದ್ದೆ ನಾನು...

ಎರಡನೇ ಸಾಲಾ? ಹನ್ನೊಂದು ಮೂವತ್ತೊಂದು. ‘ಹುಡುಕಾಟ ನಿಲ್ಲಿಸಲಾಗಿದೆ. ಕುರ್ಚಿ ಎರಡು.’

ಅಂದರೆ ಅವಳು... ಅವಳು ನೋಡಿದ್ದಾಳೆ. ನಿಲ್ಲಿಸಬೇಕಾದರೆ ಯಾರು ಹಾಕಿದ್ದು, ಏನು ಹಾಕಿದ್ದು ಅಂತ ಪರದೆ ಮೇಲೆ ಬರುತ್ತೆ ಮೇಡಂ. ಎಲ್ಲಾ ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ನಿಮ್ಮ ಮುಂದೆ ತಲೆ ತಗ್ಗಿಸಿ ನಿಂತಿದ್ದಳಾ? ಯಾಕೆ?

ಮತ್ತೇನು ಬರೀತಿದ್ದೀರಿ? ಬೇಡ, ಅದನ್ನೇ ಮತ್ತೆ ಹುಡುಕಬೇಡಿ... ಸ್ಟಾಫ್ ಚಾಟ್ ಒಂದೇ. ಕಳೆದ ಒಂದೇ ತಿಂಗಳು. ಕುರ್ಚಿ ಎರಡು. ನಕ್ಷತ್ರ ಇಲ್ಲ. ಎಷ್ಟು ಚೆನ್ನಾಗಿ ಬರೆದ್ರಿ! ನನಗಿಂತ... ಎರಡೇ ಸೆಕೆಂಡು!

ನಾನು ಓದಲ್ಲ. ನೀವೇ ಓದಿ. ಓದಿ ಅಂದೆನಲ್ಲ... ಯಾಕೆ ಪರದೆ ನನ್ನ ಕಡೆ ತಿರುಗಿಸ್ತೀರಿ? ಸರಿ, ಕನ್ನಡಕ ಹಾಕ್ಕೊಳ್ತೀನಿ, ತಾಳಿ.

‘ಅವರನ್ನ ಟೇಪ್ ರೆಕಾರ್ಡರ್ ಅಂತ ಕರೀಬೇಡಿ. ಹೇಳಿದ್ದೇ ನೂರು ಸಲ ಹೇಳ್ತಾರೆ, ನಿಜ. ನನಗೆ ಅರ್ಥ ಆಗಿದ್ದು ತೊಂಬತ್ತೊಂಬತ್ತನೇ ಸಲಕ್ಕೆ. ಬೇರೆ ಯಾರಾಗಿದ್ದರೂ ಎರಡನೇ ಸಲಕ್ಕೇ ಬೈದು ಕಳಿಸ್ತಿದ್ರು.’

...

ಬೈಯಿರಿ ಮೇಡಂ ಬೇಕಾದರೆ.

ಅವಳು ಕೆಳಗೆ ಬೆಂಚಿನ ಮೇಲೆ ಕಾಯ್ತಿದ್ದಾಳೆ ಅಲ್ವಾ, ಪತ್ರಕ್ಕೆ. ಅದನ್ನ ಹೀಗೆ ಕೊಡಿ. ಪೆನ್ನೂ ಕೊಡಿ, ಅವಳ ಹೆಸರು ಹೊಡೆದುಹಾಕ್ತೀನಿ. ನಿಮ್ಮ ಪುಸ್ತಕ ತೆಗೀರಿ, ಈ ಮಾತನ್ನ ನಾನು ಒಂದೇ ಸಲ ಹೇಳ್ತೀನಿ, ಬರ್ಕೊಳ್ಳಿ. ಮಾಡಿದ್ದು ನಾನು.