ತೂತು ಮುಚ್ಚಿದ ಫರ್ಸಿ ಕುಂಡ

ನಾನು ಅನಸುಬಾಯಿ ಗಂಡ ದಿವಂಗತ ಭೀಮಶ್ಯಾ, ವಯಸ್ಸು 66 ವರ್ಷ, ನಿವೃತ್ತ ಗ್ರಂಥಪಾಲಕಿ, ಸಾಕಿನ್ ಶಹಾಬಾದ. ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಫರ್ಸಿ ಹಾಸುಗಲ್ಲಿನ ವ್ಯಾಪಾರಿ ಜಹಾಂಗೀರ ಅವರು ನನ್ನ ಕಲ್ಲಿನ ಕುಂಡ ಒಡೆದಿದ್ದಾರೆಂದು ನೆರೆಮನೆಯ ಬಸವೇಶ್ವರಿ ನಿನ್ನೆ ತಮಗೆ ಫೋನ್ ಮಾಡಿ ಹೇಳಿದ್ದು ಸರಿಯಲ್ಲ. ನಡೆದದ್ದು ಹೀಗಿದೆ.

ನನ್ನ ಬಳಿ 34 ವರ್ಷದ, 17 ಇಂಚು ಎತ್ತರದ ಹುಣಸೆ ಬೋನ್ಸಾಯ್ ಇದೆ. ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ 1998ರಲ್ಲಿ ಹನ್ನೊಂದು ಭಾನುವಾರ ಕೂತು ಅದಕ್ಕೆ ಒಂದೇ ಫರ್ಸಿ ಕಲ್ಲಿನಲ್ಲಿ ಕುಂಡ ಕಡೆದರು. ಉದ್ದ 18 ಇಂಚು, ಅಗಲ 12, ಆಳ 3. ನೀರು ಬಸಿಯಲು ತಳದಲ್ಲಿ ಮೂರು ತೂತು, ಗಾಳಿಯಾಡಲು ನಾಲ್ಕು ಗಿಡ್ಡ ಕಾಲು. ಇವೆಲ್ಲ ನಾನು ಪುಸ್ತಕ ಓದಿ ಹೇಳಿದಂತೆ ಮಾಡಿದವು. ಅಂಚು ಒಳಕ್ಕೆ ಬಾಗಬಾರದು, ಬಾಗಿದರೆ ಬೇರಿನ ಹೆಂಟೆ ಹೊರಗೆ ಬರುವುದಿಲ್ಲ ಎಂದೂ ಹೇಳಿದ್ದೆ. ಅವರು ಬಾಗಿಸಿಯೇ ಕಡೆದರು. ಕೇಳಿದರೆ, "ಮಣ್ಣು ಚೆಲ್ಲಬಾರದಂತ ಹಿಂಗ ಮಾಡೀನಿ, ನಿನ್ನ ಬುಕ್ಕಿನಾಗ ಅದು ಬರದಿಲ್ಲೇನು?" ಎಂದರು. ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸುವಾಗ ಕೆಳಗಿನ ತೂತುಗಳಿಂದ ಕೋಲು ಹಾಕಿ ಗಿಡವನ್ನು ಮೇಲಕ್ಕೆ ನೂಕುತ್ತಿದ್ದರು. 2016ರಲ್ಲಿ ಅವರು ತೀರಿಕೊಂಡ ಮೇಲೆ ನಾನೇ ನೂಕುತ್ತಿದ್ದೇನೆ.

ದಿನಾಂಕ 1-6-2025ರಂದು ಬೆಳಿಗ್ಗೆ 9 ಗಂಟೆಗೆ ಜಹಾಂಗೀರ ಬಂದು, ನಮ್ಮ ಮನೆಯಿಂದ 350 ಮೀಟರ್ ದೂರದಲ್ಲಿ ತೆರೆಯುವ ತಮ್ಮ ಹೊಸ ಅಂಗಡಿಯಲ್ಲಿ ಅಂದಕ್ಕೆಂದು ಮೂರು ದಿನ ಇಡಲು ಗಿಡ ಕೇಳಿದರು. ಕೊಟ್ಟೆ. ಕೆಳಗೆ ತಟ್ಟೆ ಇಡಬೇಕು, ಬಸಿದ ನೀರು ಚೆಲ್ಲಬೇಕು ಎಂದು ಚೀಟಿ ಬರೆದೂ ಕೊಟ್ಟೆ. 4ರಂದು ಗಿಡ ಮನೆಗೆ ಬಂತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕುಂಡ ಅಲುಗದಂತೆ ಒಂದು ಕಾಲಿನಡಿ ಅಂಟಿಸಿದ್ದರು. ನಾನು ತಳದ ತೂತು ನೋಡದೆ ಉಸುಕಿನ ಮೇಲೆ ಇಟ್ಟು ದಿನಾ ನೀರು ಹಾಕಿದೆ. ಈ ತಪ್ಪು ನನ್ನದು.

13ರಂದು ಎಲೆ ಹಳದಿಯಾಗಿ ಉದುರಿದವು. 16ರಂದು ಬೆಳಿಗ್ಗೆ 7.20ಕ್ಕೆ ಕುಂಡ ವಾಲಿಸಿದಾಗ ಅಂಚಿನಿಂದ ಕೊಳೆತ ವಾಸನೆಯ ನೀರು ಬಂತು. ತಳದಲ್ಲಿ ಒಂದು ತೂತೂ ಇರಲಿಲ್ಲ. ಜಹಾಂಗೀರ ಅವರನ್ನು ಕರೆಸಿದೆ. ಅವರು ನಗುತ್ತಲೇ, "ಅಕ್ಕೋರ, ಅಂಗಡ್ಯಾಗ ಹೊಸಾ ಪಾಲಿಶ್ ಫರ್ಸಿ ಮ್ಯಾಲ ನೀರು ಸೋರ್ಲಿಕತ್ತಿತ್ರಿ. ಅದೇ ಕಲ್ಲಿನ ಪುಡಿ ಅಂಟಿನಾಗ ಕಲಿಸಿ ಮುಚ್ಚಿಸೀನಿ. ಗುರ್ತರೆ ಸಿಗತದೇನ್ ನೋಡ್ರಿ! ಫುಕಟ್ ರಿಪೇರಿ, ರೊಕ್ಕ ಬ್ಯಾಡ್ರಿ" ಎಂದರು. ಗುರುತು ಸಿಗಲಿಲ್ಲ ಎಂಬುದು ನಿಜ. ಕಲ್ಲಿನಲ್ಲಿ ತೂತು ಕಂಡರೆ ಅದು ಐಬು ಎಂದೇ ತಿಳಿಯುವ ಕಸುಬು ಅವರದು. ಆದರೆ ಇಪ್ಪತ್ತೇಳು ವರ್ಷ ತೆರೆದಿದ್ದುದನ್ನು ಮುಚ್ಚುವ ಮೊದಲು ಕೇಳಬೇಕಿತ್ತು, ಮುಚ್ಚಿದ ಮೇಲಾದರೂ ಹೇಳಬೇಕಿತ್ತು. ನನ್ನ ದೂರು ಇಷ್ಟೇ.

ಗಿಡ ಆ ದಿನವೇ ಹೊರಬರದಿದ್ದರೆ ಉಳಿಯುತ್ತಿರಲಿಲ್ಲ. ಕೆಳಗಿನಿಂದ ನೂಕಲು ದಾರಿಯಿಲ್ಲ, ಅಂಚು ಮೇಲಕ್ಕೆ ಬಿಡುವುದಿಲ್ಲ. ಜಹಾಂಗೀರ ತೂತು ಕೊರೆಯುವ ಮಷಿನ್ ತರುತ್ತೇನೆಂದು ಎದ್ದರು. ಬೇಡವೆಂದೆ, ಅದು ಪದರದ ಕಲ್ಲು, ಮಷಿನ್ ಎಲ್ಲಿ ಸೀಳುತ್ತದೋ, ಬೇರಿಗೆ ಎಲ್ಲಿ ತಗಲುತ್ತದೋ ಹೇಳಲಾಗದು. 8.05ಕ್ಕೆ ಗಂಡನ ಸುತ್ತಿಗೆ ತಂದು ಅಂಚಿಗೆ ಮೂರು ಏಟು ಹಾಕಿದೆ. ಕುಂಡ ಐದು ತುಂಡಾಯಿತು. ಜಹಾಂಗೀರ ನಗುವುದನ್ನು ನಿಲ್ಲಿಸಿ, ಕುಂತು ಚೂರು ಆಯ್ದರು. ಗೋಡೆಯಾಚೆಯಿಂದ ಬಸವೇಶ್ವರಿ, "ಅವನೇ ಒಡದಾನ ಅಂತ ಬರಸ್ರೀ ಅಕ್ಕೋರ, ಸುಮ್ನ ಬಿಡಬ್ಯಾಡ್ರಿ" ಎಂದರು. ಹಾಗೆ ಬರೆಯಬಾರದು. ಒಡೆದವಳು ನಾನು.

ಕೊಳೆತ ಬೇರು ಕತ್ತರಿಸಿ ಗಿಡವನ್ನು ತೂತಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಟ್ಟಿದ್ದೇನೆ. ಬದುಕುವುದೋ ಇಲ್ಲವೋ ತಿಳಿಯಲು ಒಂದು ತಿಂಗಳು ಬೇಕು. ಐದು ತುಂಡುಗಳನ್ನೂ ಹಾಜರುಪಡಿಸಿದ್ದೇನೆ. ನಾಲ್ಕನ್ನು ತಾವು ಇಟ್ಟುಕೊಳ್ಳಬಹುದು. ಅಂಗೈಯಗಲದ ಬಾಗಿದ ಅಂಚಿನ ತುಂಡನ್ನು ಇವತ್ತೇ ಹಿಂತಿರುಗಿಸಬೇಕೆಂದು ಕೋರುತ್ತೇನೆ. ಹೊಸ ಕುಂಡದ ತೂತಿನ ಮೇಲೆ ಒಂದು ಚೂರು ಕವುಚಿಡಬೇಕಾಗುತ್ತದೆ. ನೀರು ಹೋಗಬೇಕು, ಮಣ್ಣು ಚೆಲ್ಲಬಾರದು.

ಬರೆದದ್ದನ್ನು ನಾನೇ ಓದಿ ನೋಡಿದೆ. ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲವೂ ನಿಜ.

ಸ್ಥಳ: ಶಹಾಬಾದ
ದಿನಾಂಕ: 17-6-2025
(ಸಹಿ) ಅನಸುಬಾಯಿ