ಹದಿನಾರು ಎ

ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವಂಥ ಮಳೆ. ಕರೆಂಟು ಹೋಗಿ ಹೊಲಿಗೆ ಶೆಡ್ಡಿನ ಮೆಷಿನ್‌ಗಳೆಲ್ಲ ಒಮ್ಮೆಲೇ ಸುಮ್ಮನಾದವು. ತಗಡಿನ ಸೂರಿನಿಂದ ಸೋರಿದ ನೀರು ನೆಲದ ಮೇಲೆಲ್ಲ ಹರಿದಾಡುತ್ತಿತ್ತು. ಅಂದೇ ಕೆಲಸಕ್ಕೆ ಸೇರಿದ ಕಾಲರ್ ಹೊಲಿಯುವವಳು ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದಳು. ಅವಳ ಪಾಲಿಗೆ ಬಂದದ್ದು ‘ಹದಿನಾರು ಎ’ ಮೆಷಿನ್. ಹದಿನಾರಾದ ಮೇಲೆ ಹದಿನೇಳು ಯಾಕಿಲ್ಲ ಎಂದು ಕೇಳಿದರೆ ಎಲ್ಲರೂ ತಮ್ಮ ತಮ್ಮ ಹೊಲಿಗೆಯತ್ತ ತಿರುಗಿಕೊಂಡಿದ್ದರು. ಬುಧವಾರ ಅಲ್ಲಿ ಕೂತವರನ್ನು ದೆವ್ವ ಕೆಡವುತ್ತದೆ ಎಂದು ಒಬ್ಬಳು ಮಾತ್ರ ಕಿವಿಯಲ್ಲಿ ಉಸುರಿದ್ದಳು. ಇವತ್ತು ಬುಧವಾರ. ಕೂರುವುದಿಲ್ಲ ಎಂದರೆ ಮೊದಲ ದಿನವೇ ಮನೆಗೆ ಹೋಗಬೇಕಿತ್ತು.

ಮೂವತ್ತೈದು ವರ್ಷ ಇಲ್ಲೇ ಸವೆದಿದ್ದ ಮೆಕ್ಯಾನಿಕ್ ತಾತ ಬಟ್ಟೆಯ ಗಂಟಿನ ಮೇಲೆ ಕೂತು, ಅವಳ ಪೆಚ್ಚು ಮುಖ ನೋಡಿ, ಎಲ್ಲರನ್ನೂ ಹೀಯಾಳಿಸುವಂತೆ ನಕ್ಕ. ಹೆಂಗಸರು ಸುತ್ತ ಸೇರಿದರು.

“ಹದಿನೇಳು ಅಂದ್ರೆ ಗಂಡಾಂತರ, ಬುಧವಾರ ಅಂದ್ರೆ ಕೇಡು... ಥೂ, ನಿಮ್ಮ ತಲೇಲಿರೋದು ಮೆದುಳೋ ಹತ್ತೀನೋ? ಕೇಳ್ರಮ್ಮ. ಅಲ್ಲಿ ಕಾಜಾ ಅಕ್ಕ ಕೂರ್ತಿದ್ಲು. ಶರ್ಟಿನ ಗುಂಡಿಗೆ ಕಾಜಾ ಹಾಕ್ತಿದ್ಲು, ಅದಕ್ಕೇ ಆ ಹೆಸರು. ಎಂಥಾ ಕೈ ಅಂತೀರಿ! ಮೆಷಿನ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಮೂರು ಸಲ ಹೇಳಿದ್ಲು. ಅರ್ತಿಂಗ್ ವೈರು ಕಿತ್ತೋಗಿತ್ತು. ಯಾರು ಕೇಳಿದ್ರು? ಆಗ ಶೆಡ್ ತೊಳೀತಿದ್ದದ್ದು ಬುಧವಾರ, ನೆಲವೆಲ್ಲ ಹಸಿ, ಅಕ್ಕಂದು ಬರಿಗಾಲು... ಇನ್ನೇನು ಹೇಳ್ಲಿ? ಕೂತಲ್ಲೇ ಹೋದ್ಲು.

“ವೈರಿಂಗ್ ಮಾಡ್ಬೇಕಂದ್ರೆ ಎರಡು ದಿನ ಶೆಡ್ ಮುಚ್ಚಬೇಕು. ನಂಬರ್ ಬದಲಾಯಿಸೋಕೆ ಒಂದು ಡಬ್ಬಿ ಬಣ್ಣ ಸಾಕು. ‘ಆ ನಂಬರೇ ಸರಿ ಇಲ್ಲ, ಆ ವಾರಾನೇ ಸರಿ ಇಲ್ಲ’ ಅಂದ್ಬಿಟ್ರು ಮ್ಯಾನೇಜರ್ರು. ನೀವೆಲ್ಲ ತಲೆ ಆಡಿಸಿದ್ರಿ! ಬಣ್ಣ ಬಳಿದವನು ಯಾರು? ನಾನೇ... ಕೆಲಸ ಹೋಗುತ್ತೆ ಅಂತ ಹೆದರಿ ಬಾಯಿ ಮುಚ್ಕೊಂಡ ಹೇಡಿ ನನ್ಮಗ ನಾನೇ.

“ಆಮೇಲೆ ನಾಲ್ಕು ಜನ ಆ ಸ್ಟೂಲಿಂದ ಬಿದ್ರು. ದೆವ್ವ ತಳ್ತು ಅಂತ ಊರಿಗೆಲ್ಲ ಸಾರಿದ್ರಿ. ತಳ್ಳಿದ್ದು ನಿಜ... ಒಬ್ರಾದ್ರೂ ಸತ್ರಾ? ಸ್ವಲ್ಪ ಯೋಚ್ನೆ ಮಾಡ್ರೇ! ಕರೆಂಟ್ ಹೊಡೆಯೋ ಮೊದಲೇ ಎಳೆದು ಬಿಸಾಕಿದ್ಲು ಆ ಪುಣ್ಯಾತ್ಗಿತ್ತಿ. ನಾನು ಮಾಡ್ಬೇಕಾಗಿದ್ದ ಕೆಲಸಾನ ಸತ್ತ ಮೇಲೂ ಅವಳೇ ಮಾಡ್ತಿದ್ದಾಳೆ. ನೀವು ಅವಳನ್ನೇ ಕಂಡು ಹೆದರ್ತೀರಿ, ನನಗೆ ಮಾತ್ರ ದಿನಾ ನಮಸ್ಕಾರ ಹಾಕ್ತೀರಿ.”

ಕಾಲರ್ ಹೊಲಿಯುವವಳಿಗೆ ಹೆಗಲ ಮೇಲೆ ತಣ್ಣಗೆ ಏನೋ ಒತ್ತಿದಂತಾಯಿತು. ಸೋರುವ ನೀರಿರಬೇಕು ಅಂದುಕೊಂಡಳು.

“ಈಗ ವೈರು ಹಾಕಿದ್ದೀರಲ್ಲ ತಾತ?”

ತಾತ ಅವಳ ಮುಖ ನೋಡಲಿಲ್ಲ. ಅವಳ ಕಾಲ ಬಳಿ ಹರಿಯುತ್ತಿದ್ದ ನೀರನ್ನು ನೋಡಿದ. ಶೆಡ್ಡಿನ ಆ ತುದಿಯ ದೀಪ ಒಮ್ಮೆ ಮಿಣುಕಿತು. ಕರೆಂಟು ಬರುವುದರಲ್ಲಿತ್ತು.

“ಬಣ್ಣ ಒಂದೇ ಹೊಸದು ತಾಯಿ... ಅಲ್ಲ, ಆಗಿನಿಂದ ನಿನ್ನ ಕಾಲು ಪೆಡಲ್ ಮೇಲೇ ಇತ್ತಲ್ಲ? ಸ್ಟೂಲನ್ನ ಇಷ್ಟು ಹಿಂದಕ್ಕೆ ಎಳ್ಕೊಂಡಿದ್ದು... ನೀನೇನಾ?”