ಹಾಡಿನ ರೈಟರ್ ಯಾರು?

ಅಯ್ಯೋ, ಮೊದಲು ನಗೋದು ನಿಲ್ಲಿಸೇ ಮಾರಾಯ್ತಿ! ಹೆಗಲ ಮೇಲೆ ಶಾಲು, ಕತ್ತಿಗೆ ಹಾರ. ಗಂಡ ಸೋಮವಾರಪೇಟೇಲಿ ಸನ್ಮಾನ ಮಾಡಿಸ್ಕೊಂಡು ಬಂದಿದ್ದಾನೆ, ಒಂದು ಲೋಟ ನೀರು ಕೊಡೋದು ಬಿಟ್ಟು ಸೆರಗು ಬಾಯಿಗಿಟ್ಕೊಂಡು ಕೂತಿದ್ದೀಯಲ್ಲ! ಕಾಲು ಉಳುಕಿ ಮನೇಲಿ ಉಳಿದ್ರೂ ನಿನ್ನ ಹಲ್ಲಿಗೆ ಮಾತ್ರ ಏನೂ ಆಗಿಲ್ಲ ನೋಡು.

ಕೇಳಿಲ್ಲಿ. ನಮ್ಮ ಕೂಲಿ ಲೈನಿನ ಸ್ಕೂಲ್ ಮಕ್ಕಳು ಹನ್ನೊಂದು ಜನಾನೂ ಎಸ್ಟೇಟ್ ಲಾರೀಲಿ ತುಂಬ್ಕೊಂಡು ಸ್ಕೂಲುಗಳ ಹಾಡಿನ ಮೇಳಕ್ಕೆ ಹೋದೆ. ಸಾಹುಕಾರ್ರ ಹತ್ರ ಲಾರಿ ಕೇಳಿದ್ದು ಯಾರು? ನಾನು. ಆಯ್ತಮ್ಮಾ, ಕೇಳಿ ಕೇಳಿ ಅಂತ ಮೂರು ತಿಂಗಳು ನನ್ನ ತಲೆ ತಿಂದಿದ್ದು ನೀನು, ಒಪ್ಕೋತೀನಿ. ಭಾನುವಾರ ಭಾನುವಾರ ಜಗಲೀಲಿ ಕೂರಿಸ್ಕೊಂಡು ತಾಳ ಹಾಕಿಸಿದ್ದೂ ನೀನೇ. ಆದ್ರೆ ಪೇಟೆ ಸ್ಕೂಲಿನೋರು "ಲೈನ್ ಮಕ್ಕಳಾ? ಸ್ಟೇಜ್ ಹತ್ತಿ ಏನು ಮಾಡ್ತಾವೆ?" ಅಂತ ಮೂಗು ಮುರಿದಾಗ ಎದುರು ನಿಂತೋನು ನಾನು ತಾನೆ? "ಯಾಕ್ರೀ, ಕಾಫಿ ಕುಯ್ಯೋರ ಮಕ್ಕಳಿಗೆ ಗಂಟಲಿಲ್ವಾ?" ಅಂದೆ. ಹಾಗೇ ಅಂದೆ! ಕೊಟ್ಟಿದ್ದು ಕಟ್ಟಕಡೇ ಐಟಮ್ಮು, ಜನ ಚಾಪೆ ಕೊಡವೋ ಹೊತ್ತು. ಆದ್ರೂ ಸ್ಟೇಜ್ ಸಿಕ್ತು.

ಏನು? ಸೀಟಾ? ಗೊತ್ತು ಕಣೆ. ಮೇಳಕ್ಕೆ ಬರೋ ಸ್ಕೂಲ್ ಇನ್‌ಸ್ಪೆಕ್ಟರು ಮಡಿಕೇರಿ ಹಾಸ್ಟೆಲಿಗೆ ಒಂದು ಹೆಣ್ಣುಮಗೂನ ಆರಿಸ್ತಾರೆ, ಅದು ನಮ್ಮ ಲೈನಿನ ಕಾಳಿಗೇ ಸಿಗ್ಲಿ ಅಂತ ನಿನ್ನಾಸೆ. ಅದನ್ನ ಆಮೇಲೆ ಹೇಳ್ತೀನಿ, ತಡಿ.

ಕಾಳಿ ಮುಂದೆ ಬಂದು ನಿಂತ್ಲು. ನಿನ್ನ ಹಳೇ ಹಸಿರು ಸೀರೇಲಿ ಹೊಲಿದ ಲಂಗ, ಸೊಂಟಕ್ಕೆ ಅವರವ್ವ ಲಿಂಗಮ್ಮನ ಕಾಫಿಹಣ್ಣು ಕುಯ್ಯೋ ಬುಟ್ಟಿ. ಐದನೇ ಕ್ಲಾಸಿನ ಚೋಟುದ್ದ ಹುಡುಗಿ. ನಾನು ಮುಂದಿನ ಸಾಲಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದೀನಿ. ಶುರು ಮಾಡಿದ್ಲು ನೋಡು!

ರೈಟರಯ್ಯ ಬಂದ ನೋಡು
ಮೂಗಿನ ತುದಿಗೆ ಕನ್ನಡಕ
ಡಬ್ಬ ಕುಲುಕಿ ಕುಲುಕಿ ಅಳೆದ
ನಮ್ಮ ಹಣ್ಣು ಇಳಿಯೋ ತನಕ!

ನಗು, ನಗು! ನನ್ನ ಹತ್ರ ಏನಂದಿದ್ದೆ? "ತೋಟದ ಹಾಡು ರೀ, ಚೆನ್ನಾಗಿದೆ" ಅಂದೆ. ತೋಟದೊಳಗೆ ಹಣ್ಣು ಅಳೆಯೋ ರೈಟರ್ ನಾನೂ ಇದ್ದೀನಿ ಅಂತ ಹೇಳಿದ್ಯಾ? ಸೋಮವಾರಪೇಟೆ ಇಡೀ ಹೊಟ್ಟೆ ಹಿಡ್ಕೊಂಡು ನಗ್ತಿದೆ, ನಾನು ಮೆಲ್ಲಗೆ ಕನ್ನಡಕ ತೆಗ್ದು ಜೇಬಿಗಿಳಿಸಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಾಯ್ತು. ಪಕ್ಕದೋನು ನೋಡೇಬಿಟ್ಟ! ಮೇಲೆ ಒನ್ಸ್ ಮೋರ್ ಬೇರೆ. ಎರಡನೇ ಸಲ ಹನ್ನೊಂದು ಮಕ್ಕಳೂ ಬುಟ್ಟಿ ಕುಲುಕಿದ್ವು. ಅಲ್ಲಾ, ಎಲೆ ಕಡ್ಡಿ ಮೇಲೆ ಬರ್ಲಿ ಅಂತ ಕುಲುಕ್ತೀನಿ ನಾನು, ಹಣ್ಣು ಕುಗ್ಗಿ ಕೂಲಿ ಇಳೀಲಿ ಅಂತಲ್ಲ... ಏನು ಹಾಗೆ ನೋಡ್ತೀಯ? ಕುಲುಕಿದ್ರೆ ಕುಗ್ಗದೆ ಉಬ್ಬುತ್ತಾ?

ಇನ್‌ಸ್ಪೆಕ್ಟರು ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡು ಸ್ಟೇಜ್ ಹತ್ತಿದ್ರು. ಕಾಳಿ ಗಲ್ಲ ಹಿಡಿದು ಮೈಕಲ್ಲೇ ಕೇಳಿದ್ರು, "ಮಗು, ಈ ಹಾಡಿನ ರೈಟರ್ ಯಾರಮ್ಮಾ?" ದೊಡ್ಡೋರ ಕನ್ನಡ ನೋಡು! ಕಟ್ಟಿದೋರು ಯಾರು ಅಂತ ಕೇಳ್ಬಾರ್ದಿತ್ತಾ? ಲೈನಲ್ಲಿ ಹುಟ್ಟಿದ ಕೂಸಿಗೆ ರೈಟರ್ ಅಂದ್ರೆ ಯಾರು? ಬೆಳಿಗ್ಗೆ ಹಾಜರಿ ಹಾಕೋನು, ಸಂಜೆ ಹಣ್ಣು ಅಳೆಯೋನು. ಹಾಡಲ್ಲಿ ಬರೋ ರೈಟರ್ ಯಾರು ಅಂತ ಕೇಳ್ತಿದ್ದಾರೆ ಅಂದ್ಕೊಂಡ್ಲು. ಸೀದಾ ನನ್ನ ಕಡೆ ಬೆರಳು! "ಅಗೋ ಸಾರ್, ಅವ್ರೇ. ಮರುಳಸಿದ್ದಪ್ನೋರು. ನಮ್ಮೆಸ್ಟೇಟಿನ ರೈಟರು!"

ಚಪ್ಪಾಳೆ ಅಂದ್ರೆ ಚಪ್ಪಾಳೆ. "ಓಹೋ, ರೈಟರ್ ಮೇಲೆ ರೈಟರೇ ಹಾಡು ಕಟ್ಟಿದ್ದಾರೆ! ತನ್ನ ತಪ್ಪನ್ನ ತಾನೇ ಆಡ್ಕೊಂಡು, ಕೂಲಿ ಮಕ್ಕಳ ಬಾಯಲ್ಲಿ ಹಾಡಿಸಿದ್ದಾರೆ! ನಮ್ಮ ಕೊಡಗು ರಾಜ್ಯ ಚಿಕ್ಕದಾದ್ರೇನು, ಎಂಥ ದೊಡ್ಡ ಮನಸ್ಸಿನೋರಿದ್ದಾರೆ!" ಅಂತ ಭಾಷಣ. ಶಾಲು ಹೊದಿಸೇಬಿಟ್ರು. ಇದರಲ್ಲಿ ನನ್ನ ತಪ್ಪೇನು ಹೇಳು? ಬೆರಳು ತೋರಿಸಿದ್ದು ಅವಳು!

...ಯಾಕೆ, ನಗು ನಿಂತೋಯ್ತು?

ಹಾಡು ಕಾಳಿದೇ, ನನಗೂ ಗೊತ್ತು. ತೋಟದಿಂದ ಬರ್ತಾ ದಾರೀಲಿ ಅವಳೇ ಕಟ್ಟಿದ್ದು, ನೀನು ಬರೀ ತಾಳ ತಿದ್ದಿದ್ದು. ಹೇಳ್ಬೇಕು ಅಂತಾನೇ ಮೈಕ್ ಹತ್ರ ಬಾಯಿ ತೆಗೆದೆ ಕಣೆ. ಅದು ಕುಂಯ್ ಅಂತು. ಮೈಕ್ ಅಂದ್ರೆ ಹಾಗೇ, ನಮ್ಮ ಕೈಲಿಲ್ಲ...

ಬೈಯ್ಯಿ ಬೇಕಾದ್ರೆ.

ಸೀಟು ಇನ್ನೂ ಯಾರಿಗೂ ಕೊಟ್ಟಿಲ್ಲ. ಸ್ಟೇಜ್ ಇಳಿದ ಮೇಲೆ ಕಾಫಿ ಕುಡೀತಾ ಇನ್‌ಸ್ಪೆಕ್ಟರು ಇನ್ನೊಂದು ಸಲ ಕೇಳಿದ್ರು. ಈ ಸಲ ಅಚ್ಚಕನ್ನಡದಲ್ಲೇ. "ನೀವೇ ಕಟ್ಟಿದ್ದು ತಾನೆ? ಹಾಡೋ ಮಕ್ಕಳು ಎಲ್ಲಾ ಸ್ಕೂಲಲ್ಲೂ ಇದ್ದಾರೆ. ಇದನ್ನ ಒಂದು ಮಗು ಕಟ್ಟಿದ್ದಾಗಿದ್ರೆ ಕಣ್ಣುಮುಚ್ಚಿ ಆ ಮಗೂಗೇ ಸೀಟು ಕೊಡ್ತಿದ್ದೆ" ಅಂದ್ರು. ಊಟ, ಬಟ್ಟೆ, ಹೈಸ್ಕೂಲ್‌ವರೆಗೆ ಓದು... ನಾನು ತಲೆ ಆಡಿಸ್ದೆ. ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ, ಸುಮ್ನೆ ಹೀಗೆ...

ಹೂಂ ಅಂತಾನೇ ಆಡಿಸ್ದೆ.

ಕಾಳಿ ಪಕ್ಕದಲ್ಲೇ ಇದ್ಲು. ಆಗ ಅರ್ಥ ಆಯ್ತು ಹುಡುಗಿಗೆ. "ಸಾರ್, ಅದು..." ಅಂದ್ಲು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಪ್ರೀತಿಯಿಂದ, ದೊಡ್ಡೋರು ಇಡಲ್ವಾ, ಹಾಗೆ...

ಹಾಗೆ ನೋಡ್ಬೇಡ್ವೇ ವಿಶಾಲು.

ಅದುಮಿದೆ. ಹೌದು, ಅದುಮಿದೆ. ತಲೆಯೆತ್ತಿ ನನ್ನ ಮುಖ ನೋಡಿದ್ಲು, ಬಾಯಿ ಮುಚ್ಕೊಂಡ್ಲು. ನಾಳೆ ಅವರವ್ವನ ಹಣ್ಣು ಅಳೆಯೋನು ನಾನೇ ಅಲ್ವಾ? ಅಷ್ಟು ಗೊತ್ತಾಗುತ್ತೆ ಲೈನ್ ಮಕ್ಕಳಿಗೆ. ಬರ್ತಾ ಲಾರೀಲಿ ಎಲ್ಲಾ ಮಕ್ಕಳೂ ಹಾಡ್ತಿದ್ವು, ಅವಳೊಬ್ಬಳು ಹಾಡ್ಲಿಲ್ಲ. ನಾಚಿಕೆ ಆಯ್ತು ಕಣೆ, ನಿಜವಾಗ್ಲೂ ಆಯ್ತು. ಆದ್ರೂ ಶಾಲು ತೆಗೀಲಿಲ್ಲ.

ಅರೆ, ಎಲ್ಲಿಗೆ ಎದ್ದೆ? ಲೈನಿಗಾ? ಆ ಕಾಲಲ್ಲಾ? ಇಳಿಜಾರು ಕಣೆ, ಬೀಳ್ತೀಯ! ಕೂತ್ಕೋ. ಕೂತ್ಕೋ ಅಂದ್ನಲ್ಲ, ನಾನೇ ಹೋಗ್ತೀನಿ. ಇನ್‌ಸ್ಪೆಕ್ಟರು ಇವತ್ತು ಪೇಟೆ ಬಂಗಲೇಲಿ ಉಳೀತಾರೆ, ನಾಳೆ ಬೆಳಿಗ್ಗೆ ಎಂಟರ ಬಸ್ಸು ಅವರದ್ದು. ಕಾಳೀನೂ ಲಿಂಗಮ್ಮನ್ನೂ ಕರ್ಕೊಂಡು ಅಷ್ಟರೊಳಗೆ ಹೋಗಿ, ಹಾಡು ಇವಳದ್ದು ಸ್ವಾಮಿ ಅಂತ ಹೇಳ್ತೀನಿ. ಆಯ್ತಲ್ಲ?

ಆಗ್ಲಿಲ್ವಾ? ಇನ್ನೇನು ಹೇಳ್ಬೇಕು?

...ಭುಜ ಅದುಮಿದ್ದಾ? ಅದನ್ನೂನಾ? ಲಿಂಗಮ್ಮನ ಮುಂದೇನಾ ವಿಶಾಲು?